ಸೇವೆ, ಸಂಭಾವನೆ, ಸನ್ಮಾನ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಹಿರಿಯರ ಮಾತು. ಆ ಮೆಟ್ಟಿಲೇರುವ ಶಕ್ತಿಯೇ ಇಲ್ಲದವನ ಪಾಡೇನು? 1979ರ ಹುಸೇನಾರಾ ಖಾತೂನ್ ಮೊಕದ್ದಮೆ ಅದನ್ನು ದೇಶಕ್ಕೆ ತೋರಿಸಿತು. ತಮ್ಮ ಮೇಲಿನ ಆಪಾದನೆಗೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಿಹಾರದ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದವರಿದ್ದರು. ಬಡ ಆಪಾದಿತನಿಗೆ ವಕೀಲನನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಸುಪ್ರೀಂ ಕೋರ್ಟು ಸಾರಿತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಶಾಸನವಾಯಿತು. 1995ರಲ್ಲಿ ಜಾರಿಗೆ ಬಂದಿತು.

ಈ ಏರ್ಪಾಡಿನಲ್ಲಿ ಸೇವೆ ಉಚಿತವಾಗಿರುವುದು ಕಕ್ಷಿಗಾರನಿಗೆ. ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ ಸಂಭಾವನೆಯುಂಟು. ಹಾಗಿದ್ದ ಮೇಲೆ ಅವರಿಗೆ ವಿಶೇಷ ಮನ್ನಣೆಯೇಕೆ ಎಂದು ಕೇಳುವವರಿದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟು ಹಿರಿಯ ವಕೀಲರ ಪದವಿಗೆ ಗೊತ್ತುಮಾಡಿದ ಅಂಕಗಳಲ್ಲಿ ಧರ್ಮಾರ್ಥ ವಕಾಲತ್ತೂ ಲೆಕ್ಕಕ್ಕೆ ಬರುತ್ತಿತ್ತು. 2025ರಲ್ಲಿ ಆ ಅಂಕಪದ್ಧತಿಯೇ ಹೋಯಿತು. ಪ್ರಶ್ನೆ ಮಾತ್ರ ಉಳಿದಿದೆ.

ಸಂಭಾವನೆ ಪಡೆಯುವುದು ದೋಷವಲ್ಲ. ವೈದ್ಯನಿಗೆ ಸಂಬಳವಿದೆಯೆಂದು ಧರ್ಮಾಸ್ಪತ್ರೆಯ ಔಷಧದ ಗುಣ ಕೆಡುವುದಿಲ್ಲ. ಆದರೆ ಹಣ ಪಡೆದು ಮಾಡಿದ್ದು ತ್ಯಾಗವೂ ಅಲ್ಲ, ಅದು ಕೆಲಸ. ಕೆಲಸಕ್ಕೆ ಸಲ್ಲುವ ಮನ್ನಣೆ ಅದರ ಅಚ್ಚುಕಟ್ಟನ್ನು ನೋಡಿ ಸಲ್ಲಬೇಕು, ಉಚಿತವೆಂಬ ಹಣೆಪಟ್ಟಿಯನ್ನು ನೋಡಿಯಲ್ಲ. ವಕೀಲರು ಸೆರೆಮನೆಗೆ ಹೋಗಿ ಕಕ್ಷಿಗಾರನ ಮಾತು ಕೇಳಿದರೇ? ಕಾಗದಪತ್ರಗಳನ್ನು ಓದಿ ವಾದಕ್ಕೆ ನಿಂತರೇ? ಹಣವುಳ್ಳ ಕಕ್ಷಿಗಾರನಿಗೆ ತೋರುವ ಶ್ರದ್ಧೆಯನ್ನೇ ಇಲ್ಲಿಯೂ ತೋರಿದರೇ?

ತೋರಿದ್ದರೆ ಅವಶ್ಯವಾಗಿ ಹಾರ ಹಾಕೋಣ. ಇಲ್ಲವಾದರೆ, ವಾಚಕರೇ, ಆ ಬಡವನಿಗೆ ಸಿಕ್ಕಿದ್ದು ವಕೀಲನಲ್ಲ, ಬರಿಯ ಕರಿಕೋಟು!