ಫಿರ್ಯಾದಿಗೊಂದು ರಸೀದಿ

ರಬಕವಿಯ ನೇಕಾರನೊಬ್ಬನು ಮೂವತ್ತು ಸೀರೆಗಳ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಮಿರಜಿಗೆ ಹೊರಟನೆಂದು ಭಾವಿಸೋಣ. ದಾರಿಯಲ್ಲಿ ಅವನಿಗೆ ನಿದ್ದೆ ಹತ್ತಿತು. ಎಚ್ಚೆತ್ತು ನೋಡಿದರೆ ಗಂಟು ಇಲ್ಲ. ಕಳವು ಕರ್ನಾಟಕದಲ್ಲಿ ನಡೆಯಿತೋ ಮಹಾರಾಷ್ಟ್ರದಲ್ಲಿ ನಡೆಯಿತೋ ಅವನು ಹೇಳಲಾರನು. ಹಾಗಿದ್ದರೆ ಫಿರ್ಯಾದನ್ನು ಯಾವ ಠಾಣೆಯಲ್ಲಿ ಕೊಡಬೇಕು?

ಈ ತೊಡಕು ಆ ಸೀಮೆಗೆ ಹೊಸದಲ್ಲ. 1948ರ ವಿಲೀನಕ್ಕೆ ಮುಂಚೆ ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು. ಅವುಗಳ ನಡುನಡುವೆ ಬ್ರಿಟಿಷರ ಜಿಲ್ಲೆಗಳ ಹಳ್ಳಿಗಳು. ಕಳ್ಳನು ನಾಲ್ಕು ಹರಿದಾರಿ ನಡೆದರೆ ಇನ್ನೊಬ್ಬ ಅರಸನ ರಾಜ್ಯದಲ್ಲಿರುತ್ತಿದ್ದನು. ಸಂಸ್ಥಾನಗಳು ಅಳಿದುವು, ಆದರೆ “ಇದು ನಮ್ಮ ಹದ್ದಿಗೆ ಬರುವುದಿಲ್ಲ” ಎಂಬ ಮಾತು ದೇಶದ ಠಾಣೆಗಳಿಂದ ಅಳಿಯಲಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಈ ಮಾತಿಗೆ ಅವಕಾಶವಿಲ್ಲದಂತೆ ಮಾಡಿದೆ. ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧವು ಎಲ್ಲಿಯೇ ನಡೆದಿರಲಿ, ಅದರ ವರ್ತಮಾನವನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇದಕ್ಕೇ ಜನರು ಜೀರೋ ಎಫ್‌ಐಆರ್ ಎನ್ನುತ್ತಾರೆ. ವರ್ತಮಾನವನ್ನು ವಿದ್ಯುನ್ಮಾನ ಸಾಧನದ ಮೂಲಕವೂ ಕಳುಹಿಸಬಹುದು. ಆದರೆ ಕಳುಹಿಸಿದವನು ಮೂರು ದಿನಗಳೊಳಗೆ ಸಹಿ ಹಾಕಿದ ಮೇಲೆಯೇ ಅದು ದಾಖಲೆಗೆ ಸೇರುವುದು. ನನ್ನ ತಕರಾರು ಇರುವುದು ಈ ಮೂರು ದಿನಗಳ ಬಗೆಗೆ.

ಪೋಲೀಸರ ಕೈಗೆ ಯಂತ್ರವು ಮೊದಲು ತಂದುಕೊಟ್ಟುದು ವೇಗವನ್ನು. 1845ರ ಜನವರಿ 1ರಂದು ಇಂಗ್ಲೆಂಡಿನ ಸ್ಲೌ ಬಳಿ ಜಾನ್ ಟಾವೆಲ್ ಎಂಬವನು ಒಬ್ಬ ಹೆಂಗಸಿಗೆ ವಿಷವುಣಿಸಿ ಲಂಡನ್ನಿನ ರೈಲು ಹತ್ತಿದನು. ಅವನಿಗಿಂತ ಮುಂಚೆ ತಂತಿಯ ಸುದ್ದಿ ಪ್ಯಾಡಿಂಗ್ಟನ್ ನಿಲ್ದಾಣವನ್ನು ಮುಟ್ಟಿತು. ಅವನು ತೊಟ್ಟಿದ್ದುದು ಕ್ವೇಕರ್ ಪಂಥದವರ ಉಡುಪು. ಆ ತಂತಿಯಂತ್ರದಲ್ಲಿ ಕ್ಯೂ ಅಕ್ಷರವೇ ಇರಲಿಲ್ಲವಾದುದರಿಂದ, ಕೆ ಮತ್ತು ಡಬ್ಲ್ಯೂ ಅಕ್ಷರಗಳನ್ನು ಕೂಡಿಸಿ ಆ ಹೆಸರನ್ನು ಕಳುಹಿಸಬೇಕಾಯಿತು. ಓದಿದವರು ಮೊದಲು ತಬ್ಬಿಬ್ಬಾದರು. ಆದರೂ ಕೊಲೆಗಾರನು ಸಿಕ್ಕಿಬಿದ್ದನು. 1937ರಲ್ಲಿ ಲಂಡನ್ನಿಗೆ 999 ಎಂಬ ತುರ್ತು ಸಂಖ್ಯೆ ಬಂದಿತು; ನಮ್ಮಲ್ಲಿ ಇಂದು 112 ಇದೆ. ಹಣದ ಮೋಸಕ್ಕೆ 1930 ಬೇರೆ. ಕ್ಷಣಕ್ಷಣಕ್ಕೂ ಬೆಲೆಯಿರುವ ಸಂದರ್ಭಗಳಲ್ಲಿ ಇವು ಉಪಕಾರಿಗಳೇ ಸರಿ.

ಆದರೆ ಗಂಟು ಕಳೆದುಕೊಂಡ ನೇಕಾರನಿಗೆ ಬೇಕಾದುದು ವೇಗಕ್ಕಿಂತ ಹೆಚ್ಚಾಗಿ ರುಜುವಾತು. ತಾನು ಇಂಥ ದಿನ, ಇಂಥ ಗಳಿಗೆಯಲ್ಲಿ, ಇಂಥ ಮಾತು ಹೇಳಿದೆನೆಂಬುದಕ್ಕೆ ಅವನ ಕೈಯಲ್ಲಿ ಏನಿದೆ? ಕಾನೂನು ಅವನಿಗೆ ಧರ್ಮಾರ್ಥವಾಗಿ ಕೊಡಿಸುವ ಪ್ರತಿಯು ದಾಖಲಾದ ಬಳಿಕದ್ದು. ದಾಖಲೆಗೆ ಮುಂಚಿನ ಮಾತು ಗಾಳಿಯ ಪಾಲು. ಇಂಥ ಅಪರಾಧದ ವರ್ತಮಾನ ಬಂದರೆ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ತೀರ್ಪಿತ್ತಿತು. ಹೊಸ ಸಂಹಿತೆಯಾದರೋ ಮೂರರಿಂದ ಏಳು ವರ್ಷಗಳೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿ.ವೈ.ಎಸ್.ಪಿ.ಯವರ ಅನುಮತಿಯಿಂದ, 14 ದಿನಗಳ ಪ್ರಾಥಮಿಕ ವಿಚಾರಣೆಗೆ ಎಡೆಮಾಡಿದೆ. ದಿನಗಳ ಲೆಕ್ಕ ಎಲ್ಲಿಂದ ಹಿಡಿಯಬೇಕು? ಹೇಳಿದ ಗಳಿಗೆಯಿಂದಲ್ಲವೇ?

ಆ ಗಳಿಗೆಯನ್ನು ಭದ್ರಪಡಿಸುವ ಗಣಿತವು ಸಿದ್ಧವಾಗಿಯೇ ಇದೆ. ಅದಕ್ಕೆ ಹ್ಯಾಶ್ ಎಂದು ಹೆಸರು. ಎಷ್ಟೇ ಉದ್ದದ ಬರಹವನ್ನು ಎಸ್‌ಎಚ್‌ಎ-256 ಎಂಬ ಕ್ರಮಕ್ಕೆ ಒಡ್ಡಿದರೂ 64 ಅಂಕಿ-ಅಕ್ಷರಗಳ ಒಂದೇ ಅಳತೆಯ ಸಂಖ್ಯೆ ಹೊರಬೀಳುತ್ತದೆ. ಬರಹದಲ್ಲಿ “ಮೂವತ್ತು” ಇದ್ದುದನ್ನು “ಮೂರು” ಎಂದು ತಿದ್ದಿದರೆ ಪೂರಾ ಬೇರೆಯಾದ ಸಂಖ್ಯೆ ಬರುವುದು. ಮಗ್ಗದಲ್ಲಿ ಒಂದು ಎಳೆ ತಪ್ಪಿದರೆ ಆ ಎಳೆಯಷ್ಟೇ ಕಾಣುವುದು. ಇಲ್ಲಿ ಎಳೆಯೊಂದು ತಪ್ಪಿದರೆ ಇಡೀ ಸೀರೆಯ ಬಣ್ಣವೇ ಬೇರೆ. ಇಷ್ಟಾದರೂ ಆ ಸಂಖ್ಯೆಯನ್ನು ನೋಡಿ ಮೂಲ ಬರಹವನ್ನು ಊಹಿಸಲಾಗದು; ಫಿರ್ಯಾದಿನ ಗುಟ್ಟು ಬಯಲಾಗುವುದಿಲ್ಲ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಕೊಡಬೇಕಾದ ಪ್ರಮಾಣಪತ್ರದಲ್ಲಿ ಇಂಥ ಸಂಖ್ಯೆಯನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೇ ಕೇಳುತ್ತದೆ. ಮೊಕದ್ದಮೆಯ ಕೊನೆಗೆ ಬೇಕಾದ ಈ ಮುದ್ರೆಯನ್ನು ಅದರ ಮೊದಲಿಗೇ ಏಕೆ ಒತ್ತಬಾರದು?

ಬರಹಕ್ಕಷ್ಟೇ ಅಲ್ಲ, ಧ್ವನಿಗೂ ಈ ಮುದ್ರೆ ಸಲ್ಲುತ್ತದೆ. ಬಾಯಿಮಾತಿನ ವರ್ತಮಾನವನ್ನು ಬರೆದುಕೊಂಡು ಹೇಳಿದವನಿಗೆ ಓದಿ ತೋರಿಸಬೇಕೆಂಬುದು ಕಾಯಿದೆ. ಆದರೆ “ಗಂಟ ಹೋತ್ರೀ ಸಾಹೇಬ್ರ” ಎಂದವನ ಮಾತು ಕಾಗದಕ್ಕೆ ಇಳಿಯುವಷ್ಟರಲ್ಲಿ “ಯಾರೋ ಅಪರಿಚಿತ ಕಳ್ಳರು ಸದರಿ ಮಾಲನ್ನು” ಎಂದಾಗಿರುತ್ತದೆ. ಕೇಳಿಸಿಕೊಂಡವನು ತನ್ನ ಮಾತು ಇದೇ ಹೌದೋ ಅಲ್ಲವೋ ತಿಳಿಯದೆ ತಲೆಯಾಡಿಸುವನು. ಅವನ ಧ್ವನಿಯೂ ಬರಹದ ಜೊತೆಗೆ ಉಳಿಯಲಿ.

ಹೀಗಾದರೆ ಸುಳ್ಳು ಫಿರ್ಯಾದುಗಳು ಹೆಚ್ಚುವುವೆಂದು ಕೆಲವರು ಆಕ್ಷೇಪಿಸುವರು. ಸುಳ್ಳು ವರ್ತಮಾನ ಕೊಡುವವನಿಗೆ ದಂಡನೆ ಉಂಟು. ತಿದ್ದಲಾಗದ ಮುದ್ರೆಯು ಅವನನ್ನೂ ಕಟ್ಟಿಹಾಕುವುದು. ಸಹಿಯ ನಿಬಂಧನೆಯೂ ಇರಲಿ. ಆ ಸಹಿಯನ್ನು ಎಲ್ಲಿ ಕುಳಿತು ಹಾಕಬೇಕೆಂದು ಕಲಮು ಹೇಳುವುದಿಲ್ಲ. ಠಾಣೆಗೇ ಬರಬೇಕೆಂದು ರೂಢಿ ಬೆಳೆಸಿದರೆ, ನೆಯ್ದ ಸೀರೆಗಳ ಲೆಕ್ಕದಲ್ಲಿ ಕೂಲಿ ಪಡೆಯುವವನು ಒಂದು ದಿನದ ಮಗ್ಗ ನಿಲ್ಲಿಸಬೇಕಾಗುವುದು. ಮೊಬೈಲ್ ಇಲ್ಲದವನಿಗೆ ಇದೇ ರಸೀದಿಯನ್ನು ಠಾಣೆಯ ಮೇಜಿನ ಮೇಲೆಯೇ ಅಚ್ಚು ಹಾಕಿ ಕೊಡಬಹುದು. ಅದರಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ಹೇಳಿದ ದಿನ ಮತ್ತು ವೇಳೆ, ಆ 64 ಅಂಕಿ-ಅಕ್ಷರಗಳು, ಮುಂದೆ ವಿಚಾರಿಸಬೇಕಾದ ಠಾಣೆಯ ಹೆಸರು. ಬಸ್ಸಿನ ಟಿಕೀಟಿಗಿಂತ ತುಸು ದೊಡ್ಡ ಕಾಗದವಾದರೂ ಸಾಲುವುದು.