ಹಾಡಿನ ಖಾತೆ ಯಾರ ಹೆಸರಿನಲ್ಲಿ?

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊರಿಯಾದ ಹಾಡು ಕೇಳುತ್ತಾ ತಲೆಯಾಡಿಸುವಾಗ ‘ಅರ್ಥವಾಗದ ಭಾಷೆ, ಬರೀ ಗಲಾಟೆ’ ಎಂದು ಗೊಣಗುತ್ತೇವಲ್ಲವೇ? ಈ ವಾರ ಅಂಥ ಒಂದು ಹಾಡಿನ ಕಥೆ ಹೇಳುತ್ತೇನೆ. ಮಕ್ಕಳೇ, ನೀವೂ ಬನ್ನಿ.

2007ರ ಆಗಸ್ಟ್ ತಿಂಗಳು. ದಕ್ಷಿಣ ಕೊರಿಯಾದಲ್ಲಿ ‘ಗರ್ಲ್ಸ್ ಜನರೇಷನ್’ ಎಂಬ ಹೊಸ ತಂಡ ತನ್ನ ಮೊದಲ ಹಾಡನ್ನು ಹಾಡಿತು. ಒಂಬತ್ತು ಹುಡುಗಿಯರು, 16ರಿಂದ 18 ವರ್ಷದವರು. ಅವರಲ್ಲಿ ಕೆಲವರು ಆರು ವರ್ಷಕ್ಕೂ ಹೆಚ್ಚು ಕಾಲ ಹಾಡು, ಕುಣಿತ ಕಲಿಯುತ್ತಾ ಈ ದಿನಕ್ಕಾಗಿ ಕಾದಿದ್ದರು. ಹಾಡಿನ ಹೆಸರು ‘ದಾಶಿ ಮನ್ನನ್ ಸೆಗ್ಯೆ’. ಅಂದರೆ ‘ಮತ್ತೆ ಭೇಟಿಯಾದ ಲೋಕ’. ಇಂಗ್ಲಿಷಿನಲ್ಲಿ ‘ಇಂಟು ದ ನ್ಯೂ ವರ್ಲ್ಡ್’. ಮುಂದಿನ ದಾರಿ ಕಾಣುತ್ತಿಲ್ಲ, ಕಷ್ಟವಿದೆ, ಆದರೂ ಕೈಬಿಡುವುದಿಲ್ಲ ಎಂಬುದು ಅದರ ಸಾರ. ಸರ್ಕಾರ, ಚುನಾವಣೆ ಎಂಬ ಮಾತೇ ಅದರಲ್ಲಿಲ್ಲ.

ಒಂಬತ್ತು ವರ್ಷ ಕಳೆಯಿತು. ಸೋಲ್ ನಗರದಲ್ಲಿ ಇಹ್ವಾ ಮಹಿಳಾ ವಿಶ್ವವಿದ್ಯಾಲಯವಿದೆ. 1886ರಲ್ಲಿ ಒಬ್ಬಳೇ ವಿದ್ಯಾರ್ಥಿನಿಯಿಂದ ಶುರುವಾದ ಸಂಸ್ಥೆ. ಉದ್ಯೋಗಸ್ಥರಿಗಾಗಿ ಅಲ್ಲೊಂದು ಹೊಸ ಕಾಲೇಜು ತೆರೆಯುವ ಯೋಜನೆ ಬಂತು. ತಮ್ಮನ್ನು ಒಂದು ಮಾತೂ ಕೇಳಲಿಲ್ಲವೆಂದು ವಿದ್ಯಾರ್ಥಿನಿಯರು ಮುಖ್ಯ ಕಟ್ಟಡದಲ್ಲಿ ಧರಣಿ ಕುಳಿತರು. ಒಳಗೆ ಉಳಿದಿದ್ದ ಅಧ್ಯಾಪಕರನ್ನು ಹೊರತರಲು 2016ರ ಜುಲೈ 30ರಂದು ಸುಮಾರು 1,600 ಪೊಲೀಸರು ಬಂದರು. ಹುಡುಗಿಯರು ತೋಳಿಗೆ ತೋಳು ಹೆಣೆದು ಕುಳಿತರು. ಭಯದಲ್ಲಿ ಅವರ ಬಾಯಿಗೆ ಬಂದದ್ದು ಯಾವ ಕ್ರಾಂತಿಗೀತೆಯೂ ಅಲ್ಲ, ಪ್ರೈಮರಿ ಶಾಲೆಯ ದಿನಗಳಲ್ಲಿ ಕೇಳಿ ಬಾಯಿಪಾಠವಾಗಿದ್ದ ಇದೇ ಹಾಡು. ಕೆಲವೇ ದಿನಗಳಲ್ಲಿ, ಆಗಸ್ಟ್ 3ರಂದು, ವಿಶ್ವವಿದ್ಯಾಲಯ ಆ ಯೋಜನೆಯನ್ನು ಕೈಬಿಟ್ಟಿತು.

ಮುಂದೆ 2024ರ ಡಿಸೆಂಬರ್ 3ರ ರಾತ್ರಿ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಇದ್ದಕ್ಕಿದ್ದಂತೆ ಸೇನಾಡಳಿತ ಘೋಷಿಸಿದರು. ಸಂಸತ್ತಿನ 190 ಸದಸ್ಯರು ನಡುರಾತ್ರಿಯಲ್ಲೇ ಸೇರಿ ಅದರ ವಿರುದ್ಧ ಮತ ಹಾಕಿದರು. ಬೆಳಗಾಗುವುದರೊಳಗೆ ಆದೇಶ ವಾಪಸಾಯಿತು. ಆಮೇಲೆ ಕೊರೆಯುವ ಚಳಿಯಲ್ಲಿ ಜನ ಸಂಸತ್ತಿನ ಮುಂದೆ ಸೇರತೊಡಗಿದರು. ತರುಣಿಯರ ಕೈಯಲ್ಲಿ ಬಣ್ಣಬಣ್ಣದ ಬೆಳಕಿನ ಕೋಲುಗಳು. ಒಂದೊಂದು ಹಾಡಿನ ತಂಡಕ್ಕೂ ಒಂದೊಂದು ಬಗೆಯ ಕೋಲು ಇರುತ್ತದೆಂದು ನನ್ನ ಮೊಮ್ಮಗಳು ಬಿಡಿಸಿ ಹೇಳಿದಳು. ಮೇಣದಬತ್ತಿ ಗಾಳಿಗೆ ಆರುತ್ತದೆ, ಇದು ಆರುವುದಿಲ್ಲ! ಡಿಸೆಂಬರ್ 14ರಂದು 300 ಸದಸ್ಯರ ಸಂಸತ್ತಿನಲ್ಲಿ 204 ಮತಗಳಿಂದ ಅಧ್ಯಕ್ಷರ ವಿರುದ್ಧ ಮಹಾಭಿಯೋಗ ಅಂಗೀಕಾರವಾಯಿತು. ಹೊರಗೆ ಜನಸಾಗರದ ನಡುವೆ ಮೊಳಗಿದ್ದು ಅದೇ ‘ಮತ್ತೆ ಭೇಟಿಯಾದ ಲೋಕ’.

ನನಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಕೊರಿಯಾದ ಹಿರಿಯರಿಗೂ ಅವರದೇ ಹೋರಾಟದ ಹಾಡುಗಳಿವೆ. 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಸೇನೆಯ ಗುಂಡಿಗೆ ಬಲಿಯಾದವರ ನೆನಪಿಗೆ ಕಟ್ಟಿದ ಹಾಡನ್ನು ಅವರು ಇಂದಿಗೂ ಮುಷ್ಟಿ ಎತ್ತಿ ಹಾಡುತ್ತಾರೆ. ಆ ಡಿಸೆಂಬರಿನಲ್ಲಿ ನರೆತ ತಲೆಯವರು ಹುಡುಗಿಯರ ಹಾಡು ಕಲಿತರು, ಹುಡುಗಿಯರು ಹಿರಿಯರ ಹಾಡು ಕಲಿತರು. ಒಂದೇ ಬೀದಿಯಲ್ಲಿ ಎರಡೂ ಕೇಳಿದವು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಗೊತ್ತಿರುವ ನಿಯಮ ಒಂದೇ: ಖಾತೆ ಯಾರ ಹೆಸರಿನಲ್ಲಿದೆಯೋ ಹಣ ಅವರದು. ಹಾಡಿನ ಲೆಕ್ಕ ಬೇರೆ. ಅದರ ಹಕ್ಕು ಕಂಪನಿಯದೇ ಇರಬಹುದು, ಆದರೆ ಕಷ್ಟಕಾಲದಲ್ಲಿ ಯಾರು ಹಾಡಿಕೊಳ್ಳುತ್ತಾರೋ ಅವರದೂ ಆಗುತ್ತದೆ. ಎಷ್ಟು ಜನ ಬಂದು ತೆಗೆದುಕೊಂಡರೂ ಬಾಕಿ ಕರಗುವುದಿಲ್ಲ, ಬೆಳೆಯುತ್ತದೆ. ಹಗುರವೆಂದು ನಾವು ತಳ್ಳಿಹಾಕುವ ಹಾಡು ಯಾವ ಮಗುವಿಗೆ ಯಾವತ್ತು ಧೈರ್ಯ ಕೊಡುತ್ತದೋ ಬಲ್ಲವರಾರು?

ಅಜ್ಜ-ಅಜ್ಜಿಯರೇ, ಈ ಭಾನುವಾರ ಮೊಮ್ಮಗುವಿನಿಂದ ಒಂದು ಹಾಡು ಕಲಿಯಿರಿ. ಮಕ್ಕಳೇ, ಬದಲಿಗೆ ಅಜ್ಜಿಯಿಂದ ಒಂದು ಹಾಡು ಕೇಳಿ ಕಲಿಯಿರಿ. ಅಲ್ಲಿಗೆ ಜಮೆ-ಖರ್ಚು ಸರಿಹೋಯಿತು.