ತಟ್ಟೆ ಹಳೇದು, ಮುಳ್ಳು ಹಗುರಾಗಿರಲಿ

ಡೊಂಬಿವಲಿ, ಕಲ್ಯಾಣ ಕಡೆಯ ನಮ್ಮವರ ಮನೆಗಳಲ್ಲಿ ಹಳೇ ಎಲ್‌ಪಿ ತಟ್ಟೆಗಳು ಅಟ್ಟದಿಂದ ಕೆಳಗಿಳಿಯುತ್ತಿವೆ. ಸಂತೋಷವೇ. ಆದರೆ ಅವನ್ನು ಹಾಕೋಕೆ ಅಂತ ಮಕ್ಕಳು ಆನ್‌ಲೈನಿನಲ್ಲಿ ತರಿಸಿಕೊಡುವ ಅಗ್ಗದ ಸೂಟ್‌ಕೇಸ್ ಪ್ಲೇಯರ್ ನೋಡಿದರೆ ಸಂಕಟವಾಗುತ್ತೆ.

ಕಾರಣ ಇಷ್ಟೇ ನೋಡಿ. ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಸಿರಾಮಿಕ್ ಕಾರ್ಟ್ರಿಜ್. ಮುಳ್ಳು ತಟ್ಟೆಯ ಮೇಲೆ ಸುಮಾರು 5 ಗ್ರಾಂ ಭಾರ ಹಾಕುತ್ತೆ. ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ 2 ಗ್ರಾಂ ಆಸುಪಾಸು ಸಾಕು. ಭಾರ ಹೆಚ್ಚಾದಷ್ಟೂ ಗೆರೆ ಬೇಗ ಸವೆಯುತ್ತೆ. ಪ್ಲೇಯರ್ ಇನ್ನೊಂದು ಕೊಳ್ಳಬಹುದು. ಅಪ್ಪ ಊರಿಂದ ಹೊತ್ತು ತಂದ ತಟ್ಟೆ?

ಹೊಸಬರಿಗೆ ಆಡಿಯೋ-ಟೆಕ್ನಿಕಾ ಎಟಿ-ಎಲ್‌ಪಿ60ಎಕ್ಸ್ ಥರದ್ದು ಸಾಕು ಅಂತ ನನ್ನ ಅಭಿಪ್ರಾಯ. ಗುಂಡಿ ಒತ್ತಿದರೆ ತೋಳು ತಾನೇ ಇಳಿಯುತ್ತೆ, ಫೋನೋ ಪ್ರೀಆಂಪ್ ಒಳಗೇ ಇದೆ, ಸವೆದ ಮುಳ್ಳು ಬದಲಾಯಿಸಬಹುದು. ಸ್ಪೀಕರ್ ಮಾತ್ರ ಬೇರೆ ಬೇಕು. ಆದರೆ ಅದು 33, 45 ವೇಗಕ್ಕಷ್ಟೇ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಹಾಡಿಕೊಟ್ಟಂಥ 78ರ ಅರಗಿನ ತಟ್ಟೆ ನಿಮ್ಮಲ್ಲಿದ್ದರೆ, ಆ ವೇಗವಿರುವ ಪ್ಲೇಯರೂ ಬೇಕು, ದಪ್ಪ ಮುಳ್ಳೂ ಬೇಕು. ಎಲ್‌ಪಿ ಮುಳ್ಳು ಅದಕ್ಕೆ ಹೊಂದೋಲ್ಲ.

ವನ್ ರೂಮ್ ಕಿಚನ್ನಿನಲ್ಲಿ ಎಲ್ಲಿಡೋದು ಅಂತೀರಾ? ಸ್ಪೀಕರ್ ಮೇಲಂತೂ ಬೇಡ, ಅದರ ನಡುಕ ಮುಳ್ಳಿಗೆ ತಾಗುತ್ತೆ. ಗೋಡೆಗೆ ಬಿಗಿದ ಹಲಗೆ ಒಳ್ಳೇದು.

ದುಡ್ಡು ಸಾಲದಿದ್ದರೆ ಆರು ತಿಂಗಳು ತಡೀರಿ. ಅಲ್ಲೀವರೆಗೆ ತಟ್ಟೆಗಳನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿಡಿ. ಈ ಊರಿನ ಮಳೆಗಾಲದ ಬೂಷ್ಟು ತಟ್ಟೆಗೂ ಹತ್ತುತ್ತೆ, ಆಗಾಗ ತೆಗೆದು ನೋಡ್ತಿರಿ. ಇಷ್ಟು ವರ್ಷ ಕಾದವು ಇನ್ನಾರು ತಿಂಗಳು ಕಾಯೋಲ್ವೇ?